ಹೊಟ್ಟೆ ತುಂಬುವ ಊಟವೂ ಮೈಗೆ ಹತ್ತುವ ಊಟವೂ

ಈ ತಿಂಗಳಿನ ಪಾಠವು ಅಡಿಗೆಮನೆಗೆ ಸಂಬಂಧಪಟ್ಟದ್ದು. ಓದಲು ಬಾರದ ತಾಯಂದಿರಿಗೆ ಮನೆಯ ಮಕ್ಕಳು ಇದನ್ನು ಗಟ್ಟಿಯಾಗಿ ಓದಿ ಹೇಳಲಿ. ಗಂಡಸರೂ ಎದ್ದು ಹೋಗದೆ ಕೂತು ಕೇಳಲಿ. ಯಾಕಂದರೆ ಸಂತೆಯ ದುಡ್ಡು ಹೆಚ್ಚಾಗಿ ಅವರ ಕೈಯಲ್ಲಿಯೇ ಇರುವದು.

ಉಚ್ಚಂಗಿದುರ್ಗದ ಸುತ್ತಣ ಹಳ್ಳಿಗಳಲ್ಲಿ ಹಿಂದಿನ ಬರಗಾಲಗಳಂತೆ ದಾರಿಯ ಬದಿಯಲ್ಲಿ ಹಸಿದು ಬಿದ್ದವರನ್ನು ಈಗ ಕಾಣುವದಿಲ್ಲ. ಸೊಸೈಟಿಯ ಅಂಗಡಿಯಿಂದ ತಿಂಗಳು ತಿಂಗಳು ಅಕ್ಕಿ ಬರುತ್ತದೆ. ಆದಾಗ್ಯೂ ಅಂಗನವಾಡಿಯ ತಕ್ಕಡಿಯಲ್ಲಿ ಕೂಸನ್ನು ಇಟ್ಟರೆ ಎಷ್ಟೋ ಮನೆಗಳ ಕೂಸಿನ ತೂಕ ಏರುವದಿಲ್ಲ. ಬಸುರಿ ಹೆಂಗಸು ಆಸ್ಪತ್ರೆಗೆ ಹೋದರೆ ರಕ್ತ ಕಡಿಮೆ ಎಂದು ಹೇಳಿಸಿಕೊಂಡು ಬರುತ್ತಾಳೆ. "ಪುಕ್ಕಟೆ ಅಕ್ಕಿ ಬರುವಾಗ ಇವರಿಗೆ ಕೊರತೆ ಎಲ್ಲಿಂದ ಬಂತು?" ಎಂದು ಸ್ಥಿತಿವಂತರು ಕೇಳುವದುಂಟು. ಈ ಪ್ರಶ್ನೆಯು ಹೊಸದಲ್ಲ. ನಮ್ಮ ಸೀಮೆಯಲ್ಲಿಯೇ ಇದು ಒಂದೂವರೆ ನೂರು ವರುಷಗಳ ಹಿಂದೆ ದೊಡ್ಡ ವಿವಾದವಾಗಿತ್ತು.

1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆ ನಿಂತುಹೋಗಿ ಮಹಾ ಬರ ಬಂತು. ಆಗ ಹರಪನಹಳ್ಳಿ ತಾಲ್ಲೂಕು ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1871ರ ಜನಗಣತಿಯನ್ನೂ 1881ರ ಜನಗಣತಿಯನ್ನೂ ಹೋಲಿಸಿದರೆ ಆ ಜಿಲ್ಲೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಜನರು ಇಲ್ಲದೆ ಹೋದರೆಂದು ಕಾಣುವದು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿಯು ಬರ ಪರಿಹಾರದ ವೆಚ್ಚವನ್ನು ತಗ್ಗಿಸುವದಕ್ಕಾಗಿ ಬಂದು, ಕೆಲಸ ಮಾಡುವ ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯವೂ ಸ್ವಲ್ಪ ಕಾಸೂ ಸಾಕೆಂದು ಗೊತ್ತುಮಾಡಿದನು. ಮದ್ರಾಸಿನ ಆರೋಗ್ಯಾಧಿಕಾರಿಯಾದ ಡಾಕ್ಟರ್ ಕಾರ್ನಿಷ್ ಎಂಬವನು ಇದನ್ನು ಒಪ್ಪಲಿಲ್ಲ. ಒಂದೂವರೆ ಪೌಂಡು ಧಾನ್ಯವಾದರೂ ಬೇಕು, ಅದರ ಸಂಗಡ ಬೇಳೆಯೂ ಕಾಯಿಪಲ್ಯವೂ ಬೇಕು, ಬರೀ ಧಾನ್ಯದಿಂದ ದುಡಿಯುವ ಮೈ ನಿಲ್ಲಲಾರದು ಎಂದು ವಾದಿಸಿದನು. ಅದೇ ವರುಷದ ಮಾರ್ಚಿಯಲ್ಲಿ ಸರಕಾರವು ಅರ್ಧ ದಾರಿಗೆ ಬಂದು, ಧಾನ್ಯವನ್ನು ಒಂದೂಕಾಲು ಪೌಂಡಿಗೆ ಏರಿಸಿ, ಒಂದೂವರೆ ಔನ್ಸು ಬೇಳೆಯನ್ನು ಸೇರಿಸಿತು. ಒಂದೂವರೆ ಔನ್ಸು ಎಂದರೆ 43 ಗ್ರಾಂ, ಒಂದು ಹಿಡಿಯಷ್ಟೇ. ಆ ಒಂದು ಹಿಡಿ ಬೇಳೆಗೋಸ್ಕರ ಎಷ್ಟು ವಾದ ನಡೆಯಿತೆಂಬದನ್ನು ನಮ್ಮ ತಾಯಂದಿರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈಗಿನ ಲೆಕ್ಕವನ್ನು ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕಾರ್ಡಿನಲ್ಲಿ ಹೆಸರಿರುವ ಒಬ್ಬೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವು ಸಲ್ಲತಕ್ಕದ್ದು. ಅತಿ ಬಡವರ ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕಿಲೋ. ಐದು ಕಿಲೋವನ್ನು ಮೂವತ್ತು ದಿನಗಳಿಗೆ ಹಂಚಿದರೆ ದಿನಕ್ಕೆ 170 ಗ್ರಾಮಿಗೂ ಕಡಿಮೆ. ಗಂಡ, ಹೆಂಡತಿ, ಅತ್ತೆ, ಮೂವರು ಮಕ್ಕಳಿರುವ ಒಂದು ಕೂಲಿಯ ಮನೆಯನ್ನು ಎಣಿಸಿರಿ. ದಿನಕ್ಕೆ ಎರಡು ಕಿಲೋ ಧಾನ್ಯವಾದರೂ ಬೇಯಬೇಕು. ಮೂವತ್ತು ಕಿಲೋ ಅಕ್ಕಿಯು ಹದಿನೈದು ದಿನಗಳಲ್ಲಿ ಮುಗಿಯಿತು. ಕರ್ನಾಟಕ ಸರಕಾರವು ಅನ್ನಭಾಗ್ಯದ ಹೆಸರಿನಲ್ಲಿ ತನ್ನ ಪಾಲನ್ನು ಸೇರಿಸುತ್ತಾ ಬಂದದೆ. ಆದರೆ ಅದರ ರೀತಿಯು ಮತ್ತೆ ಮತ್ತೆ ಬದಲಾಗಿದೆ. 2023ರ ಜುಲೈಯಿಂದ ಹೆಚ್ಚಿನ ಐದು ಕಿಲೋಗೆ ಬದಲಾಗಿ ಕಿಲೋಗೆ 34 ರೂಪಾಯಿಯಂತೆ ಹಣ ಬಂತು. 2025ರಲ್ಲಿ ಹಣ ನಿಂತು ಅಕ್ಕಿಯೇ ಬಂತು. ಅದೇ ವರುಷದ ಅಕ್ಟೋಬರಿನಲ್ಲಿ ಆ ಹೆಚ್ಚಿನ ಅಕ್ಕಿಗೆ ಬದಲಾಗಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಕೊಡಬೇಕೆಂದು ಮಂತ್ರಿಮಂಡಲವು ತೀರ್ಮಾನಿಸಿತು. ಆದಕಾರಣ ಈ ತಿಂಗಳು ಏನು ಬರತಕ್ಕದ್ದೆಂದು ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಿರಿ. ಬೇಳೆ ಬಂದರೆ ಅದನ್ನು ಮಾರಿ ಅಕ್ಕಿ ತರಬೇಡಿರಿ. ಡಾಕ್ಟರ್ ಕಾರ್ನಿಷನು ಕೇಳಿದ್ದು ಅದನ್ನೇ.

ನಮ್ಮ ಹಿರಿಯರಿಗೆ ಅಕ್ಕಿಯು ಹಬ್ಬದ ಊಟವಾಗಿತ್ತು. ದಿನದ ಊಟವೆಂದರೆ ಜೋಳದ ರೊಟ್ಟಿ, ಜೋಳದ ಮುದ್ದೆ, ನವಣೆಯ ಅನ್ನ, ಅಂಬಲಿ. ಹೊಲದಲ್ಲಿ ಜೋಳದ ಸಾಲುಗಳ ನಡುವೆ ಅಕ್ಕಡಿ ಸಾಲುಗಳಲ್ಲಿ ತೊಗರಿ, ಅಲಸಂದೆ, ಹೆಸರು, ಮಡಿಕೆ ಬೆಳೆಯುತ್ತಿದ್ದವು. ಬದುವಿನಲ್ಲಿ ಪುಂಡಿಯೂ ಗುರೆಳ್ಳೂ ಇರುತ್ತಿದ್ದವು. ಕಳೆ ತೆಗೆಯಲು ಹೋದವಳು ಅಣ್ಣೆ ಸೊಪ್ಪನ್ನೋ ಗೋಣಿ ಸೊಪ್ಪನ್ನೋ ಉಡಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಹೀಗೆ ಒಂದೇ ಹೊಲವು ಕಾಳನ್ನೂ ಬೇಳೆಯನ್ನೂ ಪಲ್ಯವನ್ನೂ ಕೊಡುತ್ತಿತ್ತು. ಈಗ ನಮ್ಮ ತಾಲ್ಲೂಕಿನ ಕೆಂಪು ಹೊಲಗಳಲ್ಲಿ ಹೆಚ್ಚಾಗಿ ಕಾಣುವದು ಮೆಕ್ಕೆಜೋಳ. ಅದು ಕೋಳಿಯ ಮೇವಿಗೂ ಗಂಜಿಹಿಟ್ಟಿನ ಕಾರ್ಖಾನೆಗಳಿಗೂ ಲಾರಿಗಳಲ್ಲಿ ಹೋಗುವದು, ದುಡ್ಡು ಬರುವದು, ಆದರೆ ಕಳೆನಾಶಕ ಹೊಡೆದ ಆ ಹೊಲದಿಂದ ಸಾರಿನ ಗಡಿಗೆಗೆ ಒಂದು ಹಿಡಿ ಸೊಪ್ಪೂ ಬರುವದಿಲ್ಲ. ಮೆಕ್ಕೆಜೋಳವನ್ನು ಬಿತ್ತಬೇಡಿರೆಂದು ನಾನು ಹೇಳಲಾರೆನು, ಸಾಲ ತೀರಿಸುವವನಿಗೆ ಬೆಲೆ ಬರುವ ಬೆಳೆ ಬೇಕು. ಎಂಟು ಸಾಲಿಗೆ ಒಂದು ಸಾಲು ತೊಗರಿಯನ್ನಾಗಲಿ ಅಲಸಂದೆಯನ್ನಾಗಲಿ ಹಾಕುವದಕ್ಕೆ ಯಾವ ಸಾಲಗಾರನೂ ಅಡ್ಡ ಬರುವದಿಲ್ಲ ಎಂದಷ್ಟೇ ಹೇಳುವೆನು. ಸಾಲು ಹಾಕಿದ ಹೊಲಕ್ಕೆ ಮಾತ್ರ ಕಳೆನಾಶಕ ಹೊಡೆಯದೆ ಕುಂಟೆ ಹೊಡೆಯಿರಿ.

ಆದರೆ ಜೋಳವೊಂದೇ ಇದ್ದರೆ ಸಾಕೆಂದೂ ಎಣಿಸಬಾರದು. ಜೋಳವನ್ನೇ ನಂಬಿದ ದಖ್ಖಣದ ಬಡವರಲ್ಲಿ ಪೆಲಾಗ್ರವೆಂಬ ರೋಗವು ಕಾಣಿಸುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುವದು, ಭೇದಿಯಾಗುವದು, ಬುದ್ಧಿ ಮಂಕಾಗುವದು. 1960ರಲ್ಲಿ ಹೈದರಾಬಾದಿನ ಪೌಷ್ಟಿಕ ಸಂಶೋಧನಾಲಯದ ಡಾಕ್ಟರ್ ಗೋಪಾಲನ್ ಮತ್ತು ಡಾಕ್ಟರ್ ಶ್ರೀಕಂಠಯ್ಯ ಎಂಬವರು ಜೋಳದಲ್ಲಿ ಲ್ಯೂಸೀನ್ ಎಂಬ ಅಂಶವು ಅತಿಯಾಗಿರುವದೇ ಇದಕ್ಕೆ ಒಂದು ಕಾರಣವೆಂದು ತೋರಿಸಿದರು. ಬೇಳೆ, ಶೇಂಗಾ, ಹಾಲು, ಮೊಟ್ಟೆ ಕೂಡಿದ ಊಟದಲ್ಲಿ ಈ ರೋಗಕ್ಕೆ ಎಡೆಯಿಲ್ಲ. ಅಕ್ಕಿಯಾಗಲಿ ಜೋಳವಾಗಲಿ ಒಂಟಿಯಾಗಿ ನಿಂತರೆ ಅರೆ ಊಟವೇ. ಧಾನ್ಯದಲ್ಲಿ ಇಲ್ಲದ ಸತ್ವವು ಬೇಳೆಕಾಳಿನಲ್ಲಿ ಉಂಟು. ಎರಡೂ ಒಂದೇ ಹೊತ್ತಿನ ಊಟದಲ್ಲಿ ಕೂಡಿದಾಗ ಮಾಂಸ ಬೆಳೆಯುವದು. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಎಂಬದು ನೆನಪಿಡತಕ್ಕ ಅಳತೆ. ಅಷ್ಟು ಆಗದ ಮನೆಯವರು ಐದಕ್ಕೆ ಒಂದರಿಂದ ಆರಂಭಿಸಲಿ.

ಇನ್ನು ಒಲೆಯ ಬಳಿಗೆ ಬರೋಣ.

ಸೊಸೈಟಿಯ ಅಕ್ಕಿಯನ್ನು ನಾಲ್ಕಾರು ಸಾರಿ ಉಜ್ಜಿ ತೊಳೆದು, ಬೆಂದ ಮೇಲೆ ಗಂಜಿಯನ್ನು ಬಸಿದು ದನಕ್ಕೆ ಹಾಕುವದು ಅನೇಕರ ಪದ್ಧತಿ. ಅನ್ನದ ಸತ್ವದಲ್ಲಿ ಒಂದು ಭಾಗವು ಆ ನೀರಿನೊಂದಿಗೆ ಹೊರಟುಹೋಗುವದು. ಒಂದೆರಡು ಸಾರಿ ಹಗುರವಾಗಿ ತೊಳೆದು, ಇಂಗುವಷ್ಟೇ ನೀರಿಟ್ಟು ಬೇಯಿಸಿರಿ. ಗಂಜಿ ಉಳಿದರೆ ಉಪ್ಪು ಹಾಕಿ ಕುಡಿಯಿರಿ, ಇಲ್ಲವೆ ಸಾರಿಗೆ ಸೇರಿಸಿರಿ. ಮತ್ತೊಂದು ಸಂಗತಿ. 2021ರಿಂದ 2024ರ ವರೆಗೆ ಹಂತ ಹಂತವಾಗಿ ಸರಕಾರದ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ 12 ಜೀವಸತ್ವ ಸೇರಿಸಿ ಮಾಡಿದ ಕಾಳುಗಳನ್ನು ಬೆರೆಸಿದರು. ಅವು ಬಣ್ಣದಲ್ಲಿ ಸ್ವಲ್ಪ ಬೇರೆಯಾಗಿ ಕಂಡದ್ದರಿಂದಲೂ ನೀರಿನಲ್ಲಿ ತೇಲಿದ್ದರಿಂದಲೂ ಇದು ಪ್ಲಾಸ್ಟಿಕ್ ಅಕ್ಕಿ ಎಂಬ ಗಾಳಿಮಾತು ಹಬ್ಬಿ, ಹೆಂಗಸರು ಅವನ್ನು ಆರಿಸಿ ಆರಿಸಿ ಎಸೆದರು. ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿಹಿಟ್ಟಿನಿಂದಲೇ ಮಾಡಿದ್ದು. ಅಂಥ ಕಾಳುಗಳು ಕಂಡರೆ ಎಸೆಯಬೇಡಿರಿ.

ಬೇಳೆ ದುಬಾರಿ ಎಂಬ ಮಾತು ನಿಜ. ಆದರೆ ತೊಗರಿಯೊಂದೇ ಬೇಳೆಯಲ್ಲ. ಹುರುಳಿಯು ಬಡವರ ಕಾಳೆಂದು ಜನರು ಹೀನವಾಗಿ ನೋಡುವರು; ಸತ್ವದಲ್ಲಿ ಅದು ತೊಗರಿಗೆ ಏನೂ ಕಡಿಮೆಯಲ್ಲ. ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಬೇಯಿಸಿದರೆ ಸುಲಭವಾಗಿ ಅರಗುವದು, ಅದರಲ್ಲಿರುವ ಕಬ್ಬಿಣವೂ ಮೈಗೆ ಚೆನ್ನಾಗಿ ಹತ್ತುವದು. ಕಟ್ಟಿನಿಂದ ಸಾರು, ಕಾಳಿನಿಂದ ಪಲ್ಯ, ಎರಡು ಅಡಿಗೆಗಳಾದವು. ಇಲ್ಲಿ ಒಂದು ತಪ್ಪು ನಡೆಯುವದುಂಟು. ಮಕ್ಕಳ ತಟ್ಟೆಗೆ ಖಾರವಾದೀತೆಂದು ಮೇಲಿನ ತಿಳಿಸಾರನ್ನು ಮಾತ್ರ ಬಿಡುವರು. ಕಾಳೆಲ್ಲಾ ತಳದಲ್ಲಿದ್ದು ದುಡಿದು ಬಂದ ಗಂಡಸರ ಪಾಲಾಗುವದು. ಖಾರ ಹಾಕುವದಕ್ಕೆ ಮುಂಚೆಯೇ ಬೆಂದ ಕಾಳನ್ನು ಒಂದು ಬಟ್ಟಲು ತೆಗೆದಿಟ್ಟು, ಕಿವುಚಿ ಮಕ್ಕಳಿಗೆ ಉಣ್ಣಿಸಿರಿ.

ಸೊಪ್ಪಿಗೆ ಸಂತೆಗೆ ಹೋಗಬೇಕಾಗಿಲ್ಲ. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ ಕೊಂಬೆಯನ್ನು ನೆಟ್ಟರೆ ಎರಡು ವರುಷಗಳಲ್ಲಿ ಅದು ಮನೆಗೆಲ್ಲಾ ಸೊಪ್ಪು ಕೊಡುವದು. ಮಿಕ್ಕ ಸೊಪ್ಪುಗಳು ಒಣಗಿಹೋಗುವ ಬೇಸಿಗೆಯಲ್ಲಿಯೂ ಅದು ಹಸುರಾಗಿರುವದು. ಬಸುರಿಯರು ನುಗ್ಗೆ ತಿಂದರೆ ಉಷ್ಣವೆಂದು ಕೆಲವರು ತಡೆಯುವರು. ಊಟದಲ್ಲಿ ಹಾಕುವಷ್ಟು ಸೊಪ್ಪಿನಿಂದ ಯಾವ ಕೇಡೂ ಆಗುವದಿಲ್ಲ. ಹೆಚ್ಚಾದ ಎಲೆಗಳನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿ ಡಬ್ಬಿಯಲ್ಲಿಟ್ಟರೆ ಮುದ್ದೆಗೂ ರೊಟ್ಟಿಯ ಹಿಟ್ಟಿಗೂ ಒಂದೊಂದು ಚಮಚ ಸೇರಿಸಬಹುದು. ಸೊಪ್ಪಿನ ಊಟದೊಡನೆ ಅರ್ಧ ನಿಂಬೆಹಣ್ಣನ್ನು ಹಿಂಡಿಕೊಳ್ಳಿರಿ, ಅಥವಾ ನೆಲ್ಲಿಕಾಯಿ ಸಿಗುವ ಕಾಲದಲ್ಲಿ ಅದನ್ನು ಕಡಿಯಿರಿ. ಕಬ್ಬಿಣವು ರಕ್ತಕ್ಕೆ ಸೇರುವದಕ್ಕೆ ಆ ಹುಳಿಯಲ್ಲಿರುವ ಸಿ ಜೀವಸತ್ವವು ಸಹಾಯಮಾಡುವದು. ಚಹವು ಇದಕ್ಕೆ ವಿರೋಧ. ಊಟ ಮುಗಿದ ಕೂಡಲೇ ಚಹ ಕುಡಿಯುವವರು ತಿಂದ ಕಬ್ಬಿಣದಲ್ಲಿ ಬಹುಪಾಲನ್ನು ತಾವೇ ಕೆಡಿಸುವರು.

ಶೇಂಗಾ ನಮ್ಮ ಸೀಮೆಯ ಭಾಗ್ಯವೆನ್ನಬಹುದು. 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದವರು ಕಡಿಮೆ ಬೆಲೆಯ ಪೌಷ್ಟಿಕ ಹಿಟ್ಟನ್ನು ಮಾಡಹೊರಟಾಗ ಮೂರು ಪಾಲು ಎಣ್ಣೆ ತೆಗೆದ ಶೇಂಗಾಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟನ್ನು ಕೂಡಿಸಿದರು. ನಾವು ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ಇದು: ನವಣೆ ಅಥವಾ ರಾಗಿ ಎರಡು ಅಳತೆ, ಹೆಸರುಕಾಳು ಅಥವಾ ಪುಟಾಣಿ ಒಂದು ಅಳತೆ, ಶೇಂಗಾ ಅರ್ಧ ಅಳತೆ. ಬೇರೆ ಬೇರೆಯಾಗಿ ಹುರಿದು (ಪುಟಾಣಿಯನ್ನು ಹುರಿಯಬೇಕಾಗಿಲ್ಲ), ಕೂಡಿಸಿ ಬೀಸಿರಿ. ಆರು ತಿಂಗಳು ತುಂಬಿದ ಕೂಸಿಗೆ ತಾಯಿಹಾಲಿನ ಸಂಗಡ ಈ ಹಿಟ್ಟಿನ ಗಂಜಿಯನ್ನು ಉಣ್ಣಿಸಬಹುದು. ಅದಕ್ಕೆ ಮುಂಚೆ ತಾಯಿಹಾಲಿನ ಹೊರತು ನೀರು ಕೂಡ ಬೇಡ. ಗಂಜಿಯು ಚಮಚದಿಂದ ನೀರಿನಂತೆ ಸುರಿಯಬಾರದು. ಕೂಸಿನ ಹೊಟ್ಟೆ ಚಿಕ್ಕದು. ನೀರುಗಂಜಿಯಿಂದ ಹೊಟ್ಟೆ ತುಂಬಿದಂತೆ ಕಂಡರೂ ಒಳಗೆ ಹೋದದ್ದು ಸ್ವಲ್ಪವೇ. ಗಟ್ಟಿ ಮಾಡಿದರೆ ಕೂಸು ನುಂಗುವದಿಲ್ಲವೆಂದು ತಾಯಂದಿರು ಹೇಳುವರು. ಅದಕ್ಕೂ ಉಪಾಯ ಉಂಟು. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿಯದೆ ಬೀಸಿದ ಹಿಟ್ಟನ್ನು ಬೇರೆ ಇಟ್ಟುಕೊಂಡಿರಿ. ಗಟ್ಟಿ ಗಂಜಿಯನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಈ ಹಿಟ್ಟು ಒಂದು ಚಿಕ್ಕ ಚಮಚ ಹಾಕಿ ಕಲಸಿದರೆ ನೋಡನೋಡುತ್ತಿರುವಾಗಲೇ ಅದು ತೆಳ್ಳಗಾಗುವದು. ಮತ್ತೊಮ್ಮೆ ಕುದಿಸಿ ಉಣ್ಣಿಸಿರಿ. ನೀರು ಹೆಚ್ಚಿಸದೆಯೇ ತೆಳ್ಳಗಾದದ್ದರಿಂದ ಸತ್ವವೆಲ್ಲಾ ಅದರಲ್ಲಿಯೇ ಇರುವದು. ಜೋಳವನ್ನು ಮಾತ್ರ ಇದಕ್ಕಾಗಿ ಮೊಳೆಯಿಸಬಾರದು. ಎಳೆ ಜೋಳದ ಪೈರು ದನಕ್ಕೆ ವಿಷವೆಂಬದು ದನ ಕಾಯುವವರಿಗೆಲ್ಲಾ ಗೊತ್ತು, ಆ ವಿಷವು ಮೊಳಕೆಯಲ್ಲಿಯೂ ಇರುವದು. ಇಡೀ ಶೇಂಗಾಬೀಜವನ್ನು ಚಿಕ್ಕ ಮಕ್ಕಳ ಬಾಯಿಗೆ ಕೊಡಬೇಡಿರಿ, ಗಂಟಲಲ್ಲಿ ಸಿಕ್ಕೀತು. ಬೂಸಲು ಹಿಡಿದ ಶೇಂಗಾವನ್ನು ಮನುಷ್ಯರಾಗಲಿ ಕೋಳಿಗಳಾಗಲಿ ತಿನ್ನಬಾರದು. ಅದು ಈರಲಿಯನ್ನು ಕೆಡಿಸುವದು, ಹುರಿದರೂ ಆ ನಂಜು ಹೋಗುವದಿಲ್ಲ.

ಅಂಗಡಿಯ ಬಾಗಿಲಲ್ಲಿ ತೂಗುಹಾಕಿರುವ ಐದು ರೂಪಾಯಿ ಹತ್ತು ರೂಪಾಯಿಯ ಕುರುಕಲು ಪೊಟ್ಟಣಗಳ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ಅಳುವ ಮಗುವಿಗೆ ಅದೇ ದುಡ್ಡಿನಿಂದ ಒಂದು ಕೋಳಿಮೊಟ್ಟೆ ಬೇಯಿಸಿ ಕೊಡಿರಿ.

ಇನ್ನು, ಯಾವದು ಎಲ್ಲಿ ದೊರಕುವದೆಂಬದನ್ನು ತಿಳಿಯಬೇಕು. ಮೇಲೆ ಹೇಳಿದ 2013ರ ಕಾಯಿದೆಯಲ್ಲಿ, ಹದಿನೆಂಟು ವರುಷ ತುಂಬಿದ ಸ್ತ್ರೀಯರಲ್ಲಿ ಹಿರಿಯಳೇ ಕಾರ್ಡಿನ ಮಟ್ಟಿಗೆ ಮನೆಯ ಯಜಮಾನಳೆಂದು ಬರೆದದೆ. ಗಂಡನಿಲ್ಲ, ತಂದೆಯ ಹೆಸರಿಲ್ಲ ಎಂಬ ಕಾರಣದಿಂದ ಯಾರೂ ಹಿಂಜರಿಯಬೇಕಾಗಿಲ್ಲ. ದೇವದಾಸಿ ಪದ್ಧತಿಯನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಆ ಪದ್ಧತಿಗೆ ಸಿಕ್ಕಿ ಒಂಟಿಯಾಗಿ ಮಕ್ಕಳನ್ನು ಸಾಕಿದ ತಾಯಂದಿರು ನಮ್ಮ ಸೀಮೆಯಲ್ಲಿ ಉಂಟು. ಅವರೂ ತಮ್ಮ ಹೆಸರಿನಲ್ಲಿಯೇ ಕಾರ್ಡನ್ನು ಕೇಳಬಹುದು. ಅರ್ಜಿ ಬರೆಯಲು ಬಲ್ಲವರು ಇಂಥ ಮನೆಗಳಿಗೆ ತಾವಾಗಿಯೇ ಹೋಗಿ ಬರೆದುಕೊಡುವದು ಒಳ್ಳೇದು; ಅವರು ಬಂದು ಕೇಳಲಿ ಎಂದು ಕಾದರೆ ಅವರು ಬರುವದಿಲ್ಲ.

ಬಸುರಿಗೂ ಹೆತ್ತು ಆರು ತಿಂಗಳಾಗುವ ವರೆಗೆ ಬಾಣಂತಿಗೂ ಅಂಗನವಾಡಿಯಲ್ಲಿ ಊಟ ಸಲ್ಲತಕ್ಕದ್ದೆಂದು ಅದೇ ಕಾಯಿದೆ ಹೇಳುತ್ತದೆ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಎಂಬ ಹೆಸರಿನಲ್ಲಿ ಇದು ರಾಜ್ಯಕ್ಕೆಲ್ಲಾ ಆರಂಭವಾಯಿತು. ಸೊಸೆಯು ದಿನಾಲು ಹೊರಗೆ ಹೋಗಿ ಉಂಡು ಬರುವದು ಮನೆಗೆ ಅವಮಾನವೆಂದು ಕೆಲವು ಅತ್ತೆಯರು ಎಣಿಸುವರು. ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುವದೆಂದು ಇನ್ನು ಕೆಲವರು ಹೆದರಿಸುವರು. ಅರೆಹೊಟ್ಟೆಯ ಬಸುರಿಗೆ ಹುಟ್ಟುವದು ನಿತ್ರಾಣದ ಕೂಸು. ಹೆರಿಗೆಯಲ್ಲಿ ರಕ್ತ ಹೋದರೆ ತಾಳಿಕೊಳ್ಳುವ ಶಕ್ತಿಯೂ ಆಕೆಗಿಲ್ಲ. ಅತ್ತೆಯರೇ, ಸೊಸೆಯನ್ನು ನೀವೇ ಕರಕೊಂಡು ಹೋಗಿರಿ. ಅಲ್ಲಿ ಉಂಡು ಬಂದಳೆಂದು ರಾತ್ರಿಯ ಊಟದಲ್ಲಿ ಕಡಿಮೆ ಮಾಡಬೇಡಿರಿ. ಎಲ್ಲರೂ ಎದ್ದ ಮೇಲೆ ತಳದಲ್ಲಿ ಉಳಿದದ್ದನ್ನು ಬಸುರಿಗೆ ಹಾಕುವ ಪದ್ಧತಿಯನ್ನು ಬಿಟ್ಟು, ಅವಳನ್ನು ಎಲ್ಲರ ಸಂಗಡ ಕೂತು ಉಣ್ಣುವಂತೆ ಮಾಡಿರಿ.

ಶಾಲೆಯಲ್ಲಿ ಬೆಂದ ಊಟವನ್ನೇ ಕೊಡತಕ್ಕದ್ದೆಂದು ಸುಪ್ರೀಂ ಕೋರ್ಟು 2001ರ ನವಂಬರ್ 28ರಂದು ಆಜ್ಞಾಪಿಸಿತು. ನಮ್ಮ ರಾಜ್ಯದಲ್ಲಿ 2024ರಲ್ಲಿ ಸರಕಾರಿ ಶಾಲೆಯ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ ಕೊಡುವದು ಆರಂಭವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹೊಲದ ಕೆಲಸಕ್ಕೆಂದು ಮಗುವನ್ನು ಶಾಲೆ ಬಿಡಿಸಿದವರು ಪಾಠದೊಂದಿಗೆ ಈ ಊಟವನ್ನೂ ಬಿಡಿಸಿದಂತಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಕಷ್ಟಪಡುವವರು ಗುಳೆ ಹೋಗುವವರು. ಮಳೆ ಕೈಕೊಟ್ಟ ವರುಷ ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಮಲೆನಾಡಿನ ಕಾಫಿ ತೋಟಗಳಿಗೂ ಮನೆಮಂದಿಯೆಲ್ಲಾ ಹೊರಡುವರು. ಅಲ್ಲಿ ಅಕ್ಕಿಯನ್ನು ಪೇಟೆಯ ಬೆಲೆಗೆ ಕೊಳ್ಳುವರು, ಊರಿನ ಪಾಲು ಯಾರಿಗೂ ದಕ್ಕದೆ ಹೋಗುವದು. ಇದು ಅನಾವಶ್ಯಕ ನಷ್ಟ. ಕಾರ್ಡಿಗೆ ಆಧಾರ್ ಸೇರಿದ್ದರೆ, ಹೆಬ್ಬೆಟ್ಟು ಒತ್ತಿ ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ, ಬೇರೆ ರಾಜ್ಯದಲ್ಲಾದರೂ, ಪಡಿಯನ್ನು ಪಡೆಯಬಹುದು. ಊರಿನಲ್ಲಿ ಉಳಿದ ಅಜ್ಜಿಯು ಒಂದು ಪಾಲನ್ನೂ ದೂರ ಹೋದವರು ಉಳಿದ ಪಾಲನ್ನೂ ಎತ್ತಿಕೊಳ್ಳಬಹುದು. ಹೊರಡುವ ಮುಂಚೆ ಕಾರ್ಡಿನಲ್ಲಿರುವ ಎಲ್ಲರ ಹೆಬ್ಬೆಟ್ಟಿನ ದಾಖಲೆ ಸರಿಯಾಗಿದೆಯೋ ಎಂದು ನೋಡಿಕೊಳ್ಳಿರಿ. ಹೋದ ಊರಿನ ಅಂಗನವಾಡಿಯಲ್ಲಿ ಕೂಸಿನ ಹೆಸರನ್ನು ಬರೆಸಿರಿ. ಅಂಗಡಿಯವನು ತೂಕ ಕಡಿಮೆ ಕೊಟ್ಟರೆ ಅಥವಾ ಇಲ್ಲವೆಂದು ಅಟ್ಟಿದರೆ 1967 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಹೇಳಬಹುದು. ನಮ್ಮ ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ತಿರಿಗಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ್ದರಿಂದ ಜಿಲ್ಲೆಯ ಕಚೇರಿ ಎಲ್ಲಿ ಎಂಬದೇ ಅನೇಕರಿಗೆ ಗೊಂದಲ. ಈಗ ಜಿಲ್ಲೆಯ ದೂರನ್ನು ಒಯ್ಯಬೇಕಾದದ್ದು ಹೊಸಪೇಟೆಗೆ.

ಸಭೆಗಳಲ್ಲಿ ಹಿಡಿಯಕ್ಕಿ ತೆಗೆಯುವ ಪದ್ಧತಿ ನಮಗೆಲ್ಲಾ ಗೊತ್ತಿರುವದೇ. ಅಕ್ಕಿಯು ಎಲ್ಲರ ಮನೆಗೂ ಬರುವ ಈ ಕಾಲದಲ್ಲಿ ಅದರ ಜೊತೆಗೆ ಹಿಡಿಗಾಳಿನ ಗಡಿಗೆಯನ್ನೂ ಇಡಬಾರದೇಕೆ? ಹುರುಳಿ, ಹೆಸರು, ಅಲಸಂದೆ, ಶೇಂಗಾ, ಮನೆಯಲ್ಲಿ ಯಾವದಿದೆಯೋ ಅದು. ತುಂಬಿದ ಕಾಳನ್ನು ಬಸುರಿಯರಿರುವ ಮನೆಗೂ ತೂಕ ಏರದ ಕೂಸಿರುವ ಮನೆಗೂ ಸಂಜೆಯ ಹೊತ್ತು ಸದ್ದಿಲ್ಲದೆ ಮುಟ್ಟಿಸಿರಿ. ಎಲ್ಲರೆದುರಿಗೆ ಹೆಸರು ಕೂಗಿ ಕೊಟ್ಟರೆ ನಿಜವಾಗಿ ಕೊರತೆಯಿರುವವರೇ ಮುಂದಿನ ಸಾರಿ ಬಾರದೆ ಹೋಗುವರು. ಕಾಳು ಕೊಟ್ಟು ಬರುವದರೊಂದಿಗೆ ಒಂದು ದಿನ ಅಲ್ಲಿಯೇ ನಿಂತು ಆ ಗಂಜಿಯನ್ನು ಮಾಡಿ ತೋರಿಸುವ ಅನುಭವಸ್ಥ ತಾಯಿಯೊಬ್ಬಳು ಸಿಕ್ಕಿದರೆ ಇನ್ನೂ ಉತ್ತಮ.

ಈ ಪಾಠವನ್ನು ಕೂಟದಲ್ಲಿ ಓದುವವರು ಕೊನೆಗೆ ಈ ಪ್ರಶ್ನೆಗಳನ್ನು ಕೇಳಲಿ. ನಮ್ಮ ಕೇರಿಯಲ್ಲಿ ಕಾರ್ಡು ಇಲ್ಲದ ಮನೆ ಯಾವದು? ಈ ವರುಷ ಗುಳೆ ಹೋಗುವವರಾರು, ಅವರ ಹೆಬ್ಬೆಟ್ಟಿನ ದಾಖಲೆ ಆಗಿದೆಯೋ? ಅಂಗನವಾಡಿಗೆ ಹೋಗದ ಬಸುರಿ ಯಾರಾದರೂ ಇದ್ದಾಳೋ, ಅವಳ ಅತ್ತೆಯೊಂದಿಗೆ ಮಾತಾಡಬಲ್ಲವರು ನಮ್ಮಲ್ಲಿ ಯಾರು?